ಕಲಿತವನ ಸಹಿ

ಪಾಠ ವಿನ್ಯಾಸ ಸ್ನಾತಕೋತ್ತರ ವಿಭಾಗದ ಮುಖ್ಯಸ್ಥರಿಗೆ,

ಇಳಿವಯಸ್ಸಿನಲ್ಲಿ ನಿಮ್ಮಲ್ಲಿ ಓದುತ್ತಿದ್ದ ನನ್ನ ಅಕ್ಕ ಮಾರ್ಚ್ ಒಂಬತ್ತರಂದು ತೀರಿಕೊಂಡ ವಿಷಯವನ್ನು ಆಗಲೇ ತಿಳಿಸಿದ್ದೆ. ಆಮೇಲೂ ಅವಳ ಮೂರು ಅಸೈನ್‌ಮೆಂಟುಗಳು ಅಂಕ ಬಿದ್ದು ಮನೆಗೆ ಬಂದಿವೆ. ಮೂರೂ ಅವಳದೇ ಅಕ್ಷರ, ತಾರೀಖು ಮಾತ್ರ ಅವಳು ಹೋದ ಮೇಲಿನದು. ವಿಚಾರಿಸಿದರೆ ನಿಮ್ಮ ಗುಮಾಸ್ತರು, “ಗಡುವಿನೊಳಗೆ ಬಂದಿದೆಯಲ್ಲ ಸಾರ್, ಇನ್ನೇನು ತಕರಾರು?” ಅಂದರು. ನಲವತ್ತು ವರ್ಷಗಳಿಂದ ಇಂಥ ಉಡಾಫೆಯ ವಿರುದ್ಧ ಪತ್ರ ಬರೆಯುತ್ತಲೇ ಇದ್ದೇನೆ. ಈ ಪತ್ರ ಮಾತ್ರ ಅದಕ್ಕಲ್ಲ.

ಅಂಕ ಬಿದ್ದ ಪಾಠವನ್ನು ಒಬ್ಬರಿಗೆ ಕಲಿಸಿ, ಕಲಿತವರ ಸಹಿ ಹಾಕಿಸಿ ಹಿಂದಿರುಗಿಸಬೇಕೆಂಬುದು ನಿಮ್ಮ ನಿಯಮ. ಅಕ್ಕ ಆರಿಸಿಕೊಂಡದ್ದು ನನ್ನನ್ನು.

ಮೊದಲನೆಯದು ಅಡುಗೆ ಮಾಡಿಕೊಳ್ಳುವ ಪಾಠ. ಕಲಿತು ಸಹಿ ಹಾಕಿದೆ. ಅವಳು ಹೋದ ಮೇಲೂ ಅಡುಗೆಮನೆಯಲ್ಲಿ ಕೇಳುತ್ತಿದ್ದ ಅವಳ ಬಳೆಯ ಸದ್ದು ಅಂದಿಗೆ ನಿಂತಿತು. ಎರಡನೆಯದು ಅವಳ ಬಟ್ಟೆಗಳನ್ನು ಕೊಟ್ಟುಬಿಡುವ ಪಾಠ. ಅಂಚಿನಲ್ಲಿ, “ಲೋ ದಡ್ಡ, ನೀಲಿ ಶಾಲು ದಿಂಬಿನ ಕೆಳಗೇ ಇದೆಯಲ್ಲೋ” ಎಂದು ಬರೆದಿದ್ದಳು. ಅದು ಅಲ್ಲೇ ಇತ್ತು. ಕೊಟ್ಟು ಬಂದು ಸಹಿ ಹಾಕಿದೆ. ಮೆಟ್ಟಿಲ ಮೇಲೆ ಕೇಳುತ್ತಿದ್ದ ಅವಳ ಕೆಮ್ಮೂ ನಿಂತಿತು.

ಮೂರನೆಯದು, ಒಬ್ಬನೇ ಊಟಕ್ಕೆ ಕೂರುವುದು. ಇಪ್ಪತ್ತಕ್ಕೆ ಹತ್ತೊಂಬತ್ತು ಕೊಟ್ಟು, “ಸಹಿ ಬಂದರೆ ಉತ್ತೀರ್ಣ” ಎಂದು ಬರೆದಿದ್ದೀರಿ. ಎದುರಿನ ಕುರ್ಚಿ ಊಟದ ಹೊತ್ತಿಗೆ ಈಗಲೂ ತಾನಾಗಿ ಹಿಂದೆ ಸರಿಯುತ್ತದೆ.

ಅಂಕ ಸರಿಯಾಗಿಯೇ ಇದೆ. ಪಾಠ ನನಗೆ ಬಂದಿದೆ. ಆದರೂ ಸಹಿ ಹಾಕದೆ ಹಿಂದಿರುಗಿಸುತ್ತಿದ್ದೇನೆ. ಜೀವನದಲ್ಲಿ ಮೊದಲ ಸಲ ಒಂದು ಅನ್ಯಾಯ ಮಾಡಿ ಎಂದು ಕೇಳುತ್ತಿದ್ದೇನೆ. ಅವಳನ್ನು ಫೇಲು ಮಾಡಿ, ಮತ್ತೆ ಬರೆದು ತರಲು ಹೇಳಿ.

ಇಂತಿ,
ಅವಳ ವಿದ್ಯಾರ್ಥಿ