ಕೊಳವೆಗೆ ಹಾಕಿದ ಜಾಜಿನ ಗುರುತು

ಬಾಗಲಕೋಟೆ
ಶನಿವಾರ, ೧೮ ಫೆಬ್ರವರಿ ೧೯೮೪

ಪ್ರೀತಿಯ ಅಪ್ಪಾ,

ಹೇಗಿದ್ದೀ? ಮೊಣಕಾಲು ನೋವು ಕಡಿಮೆಯಾಯಿತೇ? ನೀನು ಹಿಂಡು ತರುಬಿರುವ ಹುನಗುಂದದ ಎರೆಹೊಲಗಳಲ್ಲಿ ಇನ್ನೂ ಚಳಿ ಇರಬೇಕು. ಕಂಬಳಿಯನ್ನು ಕುರಿಮರಿಗಳಿಗೆ ಹೊದಿಸಿ ನೀನು ನಡುಗುತ್ತ ಕೂತಿರುತ್ತೀ ಎಂದು ನನಗೆ ಗೊತ್ತು. ಶಿರೂರಿನಲ್ಲಿ ಅವ್ವ ಆರಾಮವಾಗಿದ್ದಾಳೆ. ರವಿವಾರ ಹೋಗಿದ್ದಾಗ ಬಡಕಲಾಗಿದ್ದೀ ಎಂದು ಬೈಯುತ್ತಲೇ ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು. ಇದನ್ನು ನಿನಗೆ ಓದಿ ಹೇಳುತ್ತಿರುವ ಚಹಾದಂಗಡಿಯ ಚಾಂದಸಾಬ ಕಾಕಾರಿಗೂ ನನ್ನ ಸಲಾಮು. ಕಾಕಾ, ಗಿರಾಕಿಗಳು ಸ್ವಲ್ಪ ಕಾಯಲಿ, ಪತ್ರ ಉದ್ದವಿದೆ.

ದೀಪಾವಳಿಗೆ ನೀನು ಆಡಿದ ಮಾತು ನೆನಪಿದೆಯಲ್ಲ? “ನೌಕರಿ ಪಕ್ಕಾ ಆದ್ರ ನಿನ್ನ ದಾರಿ ನಿಂದು. ಇಲ್ಲಂದ್ರ ಯುಗಾದಿ ಆದಮ್ಯಾಲೆ ಹುನಗುಂದದ ಹುಡುಗಗ ಕೊಟ್ಟ ಬಿಡ್ತೇನಿ.” ಹುಡುಗ ಒಳ್ಳೆಯವನೇ ಇರಬಹುದು, ಆದರೆ ಸೊಸೆ ಹೊರಗೆ ದುಡಿಯುವುದು ತಮಗೆ ಒಗ್ಗುವುದಿಲ್ಲ ಎಂದು ಆ ಮನೆಯವರೇ ಹೇಳಿದ್ದಾರೆ. ಐಟಿಐಯಲ್ಲಿ ನಕ್ಷೆ ಬಿಡಿಸಲು ಕಲಿತು ಅವರ ಮನೆಯಲ್ಲಿ ಬರೀ ರಂಗೋಲಿ ಹಾಕುತ್ತ ಕೂರಲೇ? ಈಚೆಗೆ ಆ ನೌಕರಿ ಕೈತಪ್ಪುವುದರಲ್ಲಿತ್ತು.

ನನ್ನ ಕೆಲಸ ಏನೆಂದು ನೀನು ಕೇಳುತ್ತಲೇ ಇರುತ್ತೀ. ಊರ ಹೊರಗೆ ಹೊಸ ಕಾರ್ಖಾನೆ ಏಳುತ್ತಿದೆ. ಅದರ ಒಂದೊಂದು ಕೊಳವೆ ಸಾಲಿಗೂ ಒಂದೊಂದು ಹಾಳೆ. ಕೊಳವೆ ಎಲ್ಲಿ ಏರುತ್ತದೆ, ಎಲ್ಲಿ ಹೊರಳುತ್ತದೆ ಎಂಬುದು ಒಂದೇ ನೋಟಕ್ಕೆ ಕಾಣುವಂತೆ ಓರೆಯಾಗಿ ಬರೆಯುತ್ತೇವೆ. ಅದಕ್ಕೆ ಐಸೋಮೆಟ್ರಿಕ್ ಎನ್ನುತ್ತಾರೆ. ಆ ಚಿತ್ರಕ್ಕೆ ಸ್ಕೇಲು ಹಿಡಿದು ಕೊಳವೆ ಕತ್ತರಿಸುವಂತಿಲ್ಲ, ಹಾಗಾಗಿ ಮೂಲೆಯಲ್ಲೊಂದು ಕೋಷ್ಟಕ ಇರುತ್ತದೆ: ತುಂಡಿನ ನಂಬರು, ಉದ್ದ, ದಪ್ಪ. ಆದರೂ ಕತ್ತರಿಸಿಟ್ಟ ತುಂಡುಗಳು ಅಂಗಳದಲ್ಲಿ ಬೆರೆತು ದಿನವೂ ಜಗಳ. ನಮ್ಮ ಕುರಿ ಮಂದಿಯ ಹಿಂಡಿನಲ್ಲಿ ಬೆರೆತರೆ ಬೆನ್ನ ಮೇಲಿನ ಕೆಂಪು ಜಾಜಿನ ಪಟ್ಟೆ ನೋಡಿ ನೀನು ಎಳೆದು ತರುವುದಿಲ್ಲವೇ? ಅದು ನೆನಪಾಗಿ ಎಣ್ಣೆ ಸಾಲಿನ ಕೋಷ್ಟಕಗಳಿಗೆ ‘ಗುರುತು’ ಎಂದು ನನ್ನದೇ ಒಂದು ಕಾಲಂ ಸೇರಿಸಿದೆ. ಯಾವ ಗುರುತು? ನಮ್ಮದೇ, ಎರಡು ಕೆಂಪು ಪಟ್ಟೆ! ಹಾಳೆಗಳಿಗೆ ಸಹಿ ಹಾಕುವ ನಮ್ಮ ಸಾಹೇಬರು ವಿಜಾಪುರಕ್ಕೆ ಹೋಗಿದ್ದರು. ಅವರು ಬರುವತನಕ ಕಾಯುವ ತಾಳ್ಮೆ ನಿನ್ನ ಮಗಳಿಗೆಲ್ಲಿ? ಹಾಳೆಗಳನ್ನು ಅಂಗಳಕ್ಕೆ ಕಳಿಸಿ, ತುಂಡುಗಳಿಗೆ ಪಟ್ಟೆ ಬಳಿಸಿ ಹಿಗ್ಗಿ ಹೀರೇಕಾಯಿಯಾದೆ.

ಕಾರ್ಖಾನೆಯಲ್ಲಿ ಕೆಂಪು ಎಂದರೆ ಬೆಂಕಿ ಆರಿಸುವ ನೀರಿನ ಕೊಳವೆ. ಅದು ನನಗೆ ಹೊಳೆಯಲೇ ಇಲ್ಲ ಅಪ್ಪಾ, ನನಗೆ ಕಂಡದ್ದು ಬರೀ ನಮ್ಮ ಹಿಂಡು. ನೀರಿನ ತಂಡದವರು ಆ ತುಂಡುಗಳನ್ನು ಹೊತ್ತೊಯ್ದು ತಮ್ಮ ಸಾಲಿಗೆ ಬೆಸೆದೇಬಿಟ್ಟರು. ಫಿಟ್ಟರ್ ಮೇಸ್ತ್ರಿ ಅಲ್ಲಾಸಾಬರು, “ಏನವಾ ಲಗಮವ್ವಾ, ಇವನ್ನೂ ಕುರಿ ಅಂತ ತಿಳದೀ ಏನು?” ಎಂದು ತಲೆಯ ಮೇಲೆ ಕೈ ಹೊತ್ತರು. ಸಾಹೇಬರು ನಗಲಿಲ್ಲ. “ಎಲ್ಲಾ ಸರಿ ಮಾಡು. ನೀರಿನ ಪರೀಕ್ಷಾ ಪಾಸಾದ್ರ ಇರು, ಇಲ್ಲಂದ್ರ ಮನಿಗಿ ಹೋಗು.” ಆ ರವಿವಾರ ಅವ್ವನ ಮುಂದೆ ಕೂತು ಅತ್ತುಬಿಟ್ಟೆ.

ಮರುದಿನದಿಂದ ಹಾಳೆಯ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಕೆರೆದು ಹೊಸ ಗುರುತು ಬರೆದೆ. ಬಣ್ಣದ ಸಹವಾಸವೇ ಬೇಡವೆಂದು, ನೀನು ಕುರಿಯ ಕಿವಿಗೆ ಹಾಕುವ ಕಚ್ಚುಗಳ ಆಕಾರಗಳನ್ನೇ ಬಿಳಿ ಪೇಂಟಿನಲ್ಲಿ ಬರೆಸಿದೆ, ಸಾಲಿಗೊಂದು. ಈ ಸಲ ಮೊದಲು ಸಾಹೇಬರ ಸಹಿ, ಆಮೇಲೆ ಕೆಲಸ. ಅಲ್ಲಾಸಾಬರ ತಂಡ ತಪ್ಪು ಬೆಸುಗೆ ಬಿಚ್ಚಿ ತುಂಡುಗಳನ್ನು ಅದರದರ ಸಾಲಿಗೆ ಕೂಡಿಸಿತು. ನಿನ್ನೆ ಕೊಳವೆಗೆ ನೀರು ತುಂಬಿ ಒತ್ತಡ ಕೊಟ್ಟರು. ಒತ್ತಡ ತೋರಿಸುವ ಮಾಪಕದ ಮುಳ್ಳು ಏರಿ ನಿಂತಿತು, ಇಳಿಯಲಿಲ್ಲ. ಎಲ್ಲೂ ಒಂದು ಹನಿ ಸೋರಲಿಲ್ಲ. ಸಾಹೇಬರು, “ಇನ್ನ ಎಲ್ಲಾ ಹಾಳಿಗೂ ಈ ಕಾಲಂ ಹಾಕವಾ” ಎಂದರು. ಹೊಟ್ಟೆ ತುಂಬ ಉಂಡು ಮಲಗಿದೆ.

ಬೀರಪ್ಪ ನಿನ್ನನ್ನೂ ಹಿಂಡನ್ನೂ ತಣ್ಣಗಿಡಲಿ. ಕಂಬಳಿ ನೀನೂ ಹೊದ್ದುಕೋ.

ನಿನ್ನ ಮಗಳು,
ಲಗಮವ್ವ

ತಾ.ಕ.: ಟಪಾಲಿಗೆ ಹೊತ್ತಾಯಿತು. ನೌಕರಿ ಪಕ್ಕಾ ಆಯಿತು, ಆರ್ಡರು ಈಗಷ್ಟೇ ಕೈಗೆ ಬಂತು. ಆದರೆ ಅದರ ಹಿಂದೆಯೇ ಶಿರೂರಿನಿಂದ ಸುದ್ದಿ ಬಂದಿದೆ: ನಾನು ಅತ್ತದ್ದನ್ನು ನೋಡಿ ಅವ್ವ, ಇನ್ನು ಕೆಲಸ ಉಳಿಯುವುದಿಲ್ಲವೆಂದು ತಿಳಿದು, ನಿನ್ನನ್ನು ಕೇಳದೆ ಹುನಗುಂದದವರಿಗೆ ಹೂಂ ಎಂದು ಹೇಳಿಕಳಿಸಿದ್ದಾಳೆ. ಬರುವ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಅವರು ನಿಶ್ಚಯದ ಸೀರೆ ಹಿಡಿದು ಶಿರೂರಿಗೆ ಬರುತ್ತಾರಂತೆ. ಅವ್ವನ ಮೇಲೆ ಸಿಟ್ಟಾಗಬೇಡ. ನಾನು ಬೇಡವೆಂದರೆ ಹುಡುಗಿಯ ಹಟ ಎನ್ನುತ್ತಾರೆ, ದೀಪಾವಳಿಯ ಮಾತಿನಂತೆ ನೀನೇ ಇಲ್ಲವೆನ್ನಬೇಕು. ಹಿಂಡನ್ನು ಯಾರಿಗಾದರೂ ಒಪ್ಪಿಸಿ ಮೊದಲು ಅವರ ಮನೆಗೆ ಹೋಗು, ಅಪ್ಪಾ.