ಹಿಂದಿನ ಸೀಟಿನ ಬಾಯಿ

ರೀ,

ನಾಲ್ಕು ಗಂಟೆಯೊಳಗೆ ನಿಮ್ಮ ಮರದ ವಿಮಾನ ಪೈಲಟ್ ಮೇಷ್ಟ್ರ ಮನೆ ಸೇರಬೇಕು. ಇವತ್ತು ಅವರಿಗೆ ಎಂಬತ್ತು ತುಂಬುತ್ತದೆ. ತಾವು ಸೈನ್ಯದ ಹುಡುಗರಿಗೆ ಹಾರಲು ಕಲಿಸಿದ ಆ ಹಳದಿ ವಿಮಾನದ ಮಾದರಿಯನ್ನೇ ಅವರು ಕೇಳಿದ್ದು.

ರೆಕ್ಕೆಯ ಅಂಟು ಒಣಗಿದೆ. ಕಚ್ಚಿಸಿರುವ ಬಟ್ಟೆ ಕ್ಲಿಪ್ಪುಗಳನ್ನೆಲ್ಲ ತೆಗೆದು ಹಗ್ಗಕ್ಕೆ ಹಾಕಿ. ಕ್ಲಿಪ್ಪಿಲ್ಲದೆ ನಿಮ್ಮ ಬನಿಯನ್ ಪಕ್ಕದ ಮನೆ ಸೇರಿತ್ತು. "ಅಕ್ಕಾ, ವಿಮಾನಕ್ಕಿಂತ ಮೊದ್ಲು ನಿಮ್ಮೆಜಮಾನ್ರ ಬನಿಯನ್ನೇ ಹಾರ್ತಲ್ಲ" ಅಂದಳು ಆ ಮನೆಯವಳು. ಹೋಗಿ ನೀವೇ ಇಸಿದುಕೊಳ್ಳಿ.

ವಿಮಾನದ ಹಿಂದಿನ ಸೀಟಿನಲ್ಲಿ ನೀವು ಕೆತ್ತಿ ಕೂರಿಸಿದ ಮೇಷ್ಟ್ರನ್ನು ನೋಡಿದೆ. ಟೊಪ್ಪಿಯ ಕೆಳಗೆ ತುರುಬು, ಬಾಯಿ ಕಿವಿಯವರೆಗೆ. ಅದು ಯಾರೆಂದು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ಮೂವತ್ತು ವರ್ಷ ಆ ಸೀಟಿನಲ್ಲಿ ಕೂತವರು ಇದನ್ನು ನೋಡಿದರೆ ಏನಂದಾರು? ತುರುಬು ಉಜ್ಜಿ ತೆಗೆಯಿರಿ. ಮರದ ಪುಡಿಗೆ ಅಂಟು ಕಲಸಿ ಬಾಯಿ ಮುಚ್ಚಿ.

ನಿನ್ನೆ ನಿಮಗೆ ಸ್ಕೂಟರ್ ಕಲಿಸುವಾಗ ಬೀದಿಗೆಲ್ಲ ಕೇಳುವಂತೆ ಕೂಗಿದೆ, ನಿಜ. ಆ ವಿಮಾನದಲ್ಲಿ ಎರಡು ಸೀಟಿಗೂ ವಿಮಾನ ನಡೆಸುವ ಒಂದೊಂದು ಹಿಡಿಕೆ ಇತ್ತು, ಶಿಷ್ಯ ತಪ್ಪಿದರೆ ಮೇಷ್ಟ್ರು ಹಿಡಿಯುತ್ತಿದ್ದರು ಎಂದು ನೀವೇ ಹೇಳಿದ್ದೀರಿ. ನೀವು ತರಕಾರಿ ಗಾಡಿಗೆ ನುಗ್ಗಿಸುವಾಗ ಹಿಂದೆ ಕೂತ ನನಗೆ ಇದ್ದದ್ದು ಬಾಯಿ ಒಂದೇ.

ವಿಮಾನವನ್ನು ನಡೆದುಕೊಂಡೇ ಒಯ್ಯಿರಿ. ಸ್ಕೂಟರ್ ನಾನು ತೆಗೆದುಕೊಂಡು ಹೋಗಿದ್ದೇನೆ. ಸಂಜೆ ಬಂದು ಮತ್ತೆ ಹಿಂದೆ ಕೂರುತ್ತೇನೆ. ತಿರುವು ಬರುವವರೆಗೆ ತುಟಿ ಬಿಚ್ಚುವುದಿಲ್ಲ. ಬಿಚ್ಚಿದರೆ ಮುಂದಿನ ವಿಮಾನದಲ್ಲಿ ಇನ್ನೂ ದೊಡ್ಡ ಬಾಯಿ ಕೆತ್ತಿ.

ಅನ್ನ ಮುಚ್ಚಿಟ್ಟಿದ್ದೇನೆ. ಕೈಗೆ ಅಂಟಿದ ಹಳದಿ ಬಣ್ಣ ತೊಳೆದು ಉಣ್ಣಿ.