ಎಮ್ಮೆಗಿಂತ ಹೆಚ್ಚು ನೀರು ಕುಡಿಯುವ ಜೀಪು

೫-೨-೧೯೮೪, ಇಳಕಲ್, ಬೆಳಿಗ್ಗೆ
ರೇಡಿಯೇಟರಿಗೆ ಒಂದು ಕೊಡ ನೀರು. ನಿನ್ನೆಯೂ ಒಂದು ಕೊಡ. ಕೆಳಗೆ ಹನಿ ಕೂಡ ಸೋರಿಲ್ಲ. ಮತ್ತೆ ಹೋಗುವುದಾದರೂ ಎಲ್ಲಿಗೆ? ಸೈಲೆನ್ಸರಿನಿಂದ ಬಿಳಿ ಹೊಗೆ… ಚಳಿಗೆ ಇರಬಹುದು. ಇವತ್ತು ತಲೆ ಕೆಡಿಸಿಕೊಳ್ಳುವುದಿಲ್ಲ. ಗುಡೂರಿಗೆ ಹೊರಟಿದ್ದೇನೆ — ತವರಿನಿಂದ ಚಂದವ್ವನನ್ನೂ ಮಗಳನ್ನೂ ಕರೆತರಲು. ಹೋದ ವರ್ಷ ಮಗ್ಗವನ್ನು ತಮ್ಮನಿಗೆ ಬಿಟ್ಟು ಈ ಹಳೆ ಜೀಪು ತೆಗೆದುಕೊಂಡಾಗಲೇ ಅವಳಿಗೆ ಮಾತು ಕೊಟ್ಟಿದ್ದೆ, ನಮ್ಮ ಕೂಸು ನಮ್ಮ ಗಾಡಿಯಲ್ಲೇ ಮನೆಗೆ ಬರುತ್ತದೆ ಅಂತ.

ಅದೇ ದಿನ, ಸಂಜೆ
ಮಾನ ಹೋಯಿತು. ಗುಡೂರು ಇನ್ನೊಂದು ಮೈಲು ಇರುವಾಗ ಜೀಪು ಕುದಿದು ನಿಂತಿತು. ಎತ್ತು ಕಟ್ಟಿ ಎಳೆಸಿಕೊಂಡು ಅತ್ತೆಯ ಮನೆ ಮುಂದೆ ಇಳಿದೆ. ಓಣಿಯ ಮಂದಿಯೆಲ್ಲ ಹೊರಗೆ. ಚಂದವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅತ್ತೆ ಸಿದ್ದವ್ವ ನಗಲಿಲ್ಲ.

“ನಿಮ್ಮ ಗಾಡಿ ನಮ್ಮ ಎಮ್ಮಿಗಿಂತ ಹೆಚ್ಚ ನೀರ ಕುಡಿತೈತ್ರಿ. ಮೊದ್ಲ ಅದರ ರೋಗ ನೋಡ್ರಿ. ಆಮ್ಯಾಲ ಮಗಳನ್ನ ಕಳಸ್ತೇನಿ.”

“ಬಸ್ಸಿನ್ಯಾಗ ಕರಕೊಂಡ ಹೋಗ್ತೇನ್ರಿ ಅತ್ತಿ.”

“ಆ ಗದ್ದಲದಾಗ ಕೂಸಿನ್ನ ಕಟಗೊಂಡು? ಒಲ್ಲೆ. ಇಪ್ಪತ್ತೊಂದಕ್ಕ ಕೂಸಿಗೆ ಐದ ತಿಂಗಳ ತುಂಬತಾವ. ಆರರಾಗ ನಾವು ಕಳಸೂದಿಲ್ಲ. ತಪ್ಪಿದ್ರ ಏಳನೇ ತಿಂಗಳನ ನೋಡ್ರಿ.”

ಹದಿನಾರು ದಿನ ಇವೆ. ನಾಲ್ಕು ಬಾವಿಗಳ ಹತ್ತಿರ ನಿಂತು, ನೀರು ಬೇಡಿ, ಇಳಕಲ್ ಸೇರಿದೆ.

೭-೨
ಮೇಸ್ತ್ರಿ ಫಕ್ರುಸಾಬ ಬಂದ. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಇಂಜಿನ್ ಚಾಲೂ ಮಾಡಿಸಿದ. ನೀರಿನಲ್ಲಿ ಬುಳುಬುಳು ಗುಳ್ಳೆ.

“ಹೆಡ್ ಗ್ಯಾಸ್ಕೆಟ್ ಸುಟ್ಟೈತಿ. ಗ್ಯಾಸ್ ನೀರಾಗ ಬರಾಕತ್ತೈತಿ, ನೀರು ಒಳಗ ಹೋಗಿ ಹೊಗಿ ಆಗಾಕತ್ತೈತಿ.”

ಇಂಜಿನ್ನಿನ ಮೈಗೂ ತಲೆಗೂ ನಡುವೆ ಇರುವ ಒಂದು ಹಾಳೆ. ಅಷ್ಟಕ್ಕೆ ನನ್ನ ಹೆಂಡತಿ ಗುಡೂರಿನಲ್ಲಿ!

೧೧-೨
ಬಾಗಲಕೋಟೆಯಿಂದ ಹೊಸ ಗ್ಯಾಸ್ಕೆಟ್ ತಂದೆ. ಫಕ್ರುಸಾಬ ಮದುವೆಗೆಂದು ಹುನಗುಂದಕ್ಕೆ ಹೋಗಿದ್ದಾನೆ. ಕಾಯುವ ಜಾಯಮಾನ ನನ್ನದಲ್ಲ. ನಾನೇ ಬಿಚ್ಚಿದೆ, ನಾನೇ ಕೂಡಿಸಿದೆ. ಒಂದೊಂದು ಬೋಲ್ಟನ್ನೂ ಜೀವ ಹಾಕಿ ಬಿಗಿದೆ. ಭೇಷ್ ಗುರಲಿಂಗಪ್ಪ!

೧೨-೨
ಗುಳ್ಳೆ. ಮತ್ತೆ ಗುಳ್ಳೆ. ಊಟ ಸೇರಲಿಲ್ಲ.

೧೫-೨
ಫಕ್ರುಸಾಬ ಬಂದವನೇ ಕೇಳಿದ. “ಬೋಲ್ಟ್ ಹೆಂಗ ಬಿಗದಿ?”

“ಈ ತುದಿಯಿಂದ ಆ ತುದಿತನಕ. ಒಂದರ ಹಿಂದ ಒಂದು.”

ಬೋಲ್ಟ್ ತಿರುಗಿಸುವ ಪಾನಾ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. “ಲೇ ನೇಕಾರ, ಇಂಜಿನ್ನಿಗೆ ಸೆರಗ ಹಚ್ಚೀಯೇನಲೇ! ನಡುವಿನಿಂದ ಹೊರಗ ಬಿಗೀಬೇಕು. ಅದೂ ಮೂರ ಸಲಕ್ಕ, ಸಾವಕಾಶ.”

ಅವನು ಹೇಳಿದ್ದು ಖರೆ. ನಮ್ಮ ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸುವುದು ಹಾಗೆಯೇ — ಒಂದು ಅಂಚಿನಿಂದ ಶುರು ಮಾಡಿ, ಒಂದೊಂದೇ ಎಳೆ, ಇನ್ನೊಂದು ಅಂಚಿನವರೆಗೆ. ಇಪ್ಪತ್ತು ವರ್ಷ ಪಳಗಿದ ಕೈ. ನನ್ನನ್ನು ಕೇಳಲೇ ಇಲ್ಲ.

ಮತ್ತೊಂದು ಕುತ್ತು. ಕುದಿದು ಕುದಿದು ಹೆಡ್ಡೇ ಸೊಟ್ಟಗಾಗಿರಬಹುದಂತೆ. ಹುಬ್ಬಳ್ಳಿಗೆ ಕಳಿಸಿ ಮಷೀನಿನಲ್ಲಿ ಮಟ್ಟ ಮಾಡಿಸಲು ಹತ್ತು ದಿನ. ನನ್ನ ಬಳಿ ಇರುವುದು ಆರು.

೧೭-೨
ಕಲ್ಲಿನ ಪಾಲಿಶ್ ಫ್ಯಾಕ್ಟರಿಯ ಹನಮಂತಪ್ಪನಿಗೆ ಚಹಾದ ಅಂಗಡಿಯಲ್ಲಿ ಗೋಳು ಹೇಳಿಕೊಂಡೆ.

“ಮಟ್ಟ ಬೇಕಲ್ಲ? ನಮ್ಮ ಪಾಲಿಶ್ ಕಲ್ಲಿಗಿಂತ ಮಟ್ಟಾಗಿಂದು ಎಲ್ಲೈತೋಪಾ?”

ಜೊತೆಗಿದ್ದ ಫಕ್ರುಸಾಬ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಹೆಡ್ ಬಿಚ್ಚಿ ಫ್ಯಾಕ್ಟರಿಗೆ ಒಯ್ದೆವು. ಕನ್ನಡಿಯಂಥ ಕಲ್ಲಿನ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಸವರಿ, ಅದರ ಮೇಲೆ ಹೆಡ್ ಬೋರಲು ಇಟ್ಟೆವು. ಎತ್ತಿ ನೋಡಿದರೆ ಎರಡೂ ತುದಿ ಕೆಂಪು, ನಡುವೆ ಒಣ. ಸೊಟ್ಟ ಇದ್ದದ್ದು ನಿಜ. ಕಲ್ಲು ಒರೆಸಿ ಎಮರಿ ಕಾಗದ ಹಾಸಿದೆವು. ಹೆಡ್ಡನ್ನು ಅದರ ಮೇಲೆ ತಿಕ್ಕಿದೆವು — ಒಬ್ಬರಾದ ಮೇಲೆ ಒಬ್ಬರು, ನಾಲ್ಕು ತಾಸು. ಮತ್ತೆ ಕುಂಕುಮ. ಈ ಸಲ ಉದ್ದಕ್ಕೂ ಕೆಂಪು! ಫಕ್ರುಸಾಬ ಬೆರಳಿಗೆ ಹತ್ತಿದ್ದನ್ನು ನನ್ನ ಹಣೆಗೆ ಒರೆಸಿದ.

೧೯-೨
ಮತ್ತೊಂದು ಹೊಸ ಗ್ಯಾಸ್ಕೆಟ್. ಫಕ್ರುಸಾಬ ಬೋಲ್ಟುಗಳ ಮೇಲೆ ಸುಣ್ಣದಲ್ಲಿ ಅಂಕಿ ಬರೆದ, ನಾನು ಬಿಗಿದೆ. ನಡುವಿನಿಂದ ಹೊರಗೆ. ಚಾಲೂ ಮಾಡಿ ಇಣುಕಿದೆವು. ನೀರು ಸುಮ್ಮನಿದೆ. ಒಂದು ಗುಳ್ಳೆ ಇಲ್ಲ! ಬೀದಿಯಲ್ಲೇ ಕುಣಿದೆ, ಯಾಕೆ ಮುಚ್ಚಿಡಲಿ. ಹುನಗುಂದದವರೆಗೆ ಹೋಗಿ ಬಂದೆ. ಬಿಸಿ ತೋರಿಸುವ ಮುಳ್ಳು ಕದಲಲಿಲ್ಲ.

೨೦-೨, ಸಂಜೆ ನಾಲ್ಕು
ಕರೆತಂದೆ! “ಅರ್ಧ ದಾರಿತನಕ ಬಂದ ನೋಡ್ತೇನಿ” ಎಂದು ಹತ್ತಿದ ಅತ್ತೆ ಇಳಕಲ್ ಬಂದರೂ ಇಳಿಯಲಿಲ್ಲ. ಹೊರಡುವಾಗ ಮಗಳದು ಒಂದೇ ಸಮನೆ ಅಳು. ಇಂಜಿನ್ ಚಾಲೂ ಆಯಿತು ನೋಡಿ — ಬಾಯಿ ಮುಚ್ಚಿತು, ಕಣ್ಣು ಮುಚ್ಚಿತು, ನಿದ್ದೆ. ಚಂದವ್ವ ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿದ್ದಳು. ನನಗೆ ರಸ್ತೆ ಕಾಣಿಸಿದ್ದೇ ಹೆಚ್ಚು, ಅಷ್ಟು ಖುಷಿ.

ಐದೂವರೆ
ಮನೆ ಮುಂದೆ, ಜೀಪಿನಲ್ಲೇ, ಸ್ಟೀರಿಂಗ್ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ಇಂಜಿನ್ ಬಂದ್ ಮಾಡಿದರೆ ಮಗಳು ಏಳುತ್ತಾಳೆ. ಚಾಲೂ ಮಾಡಿದರೆ ಮಲಗುತ್ತಾಳೆ. ಬಸ್ ಸ್ಟ್ಯಾಂಡಿಗೆ ಮೂರು ಸುತ್ತು ಹಾಕಿಯಾಯಿತು. ಹಿಂದಿನ ಸೀಟಿನಲ್ಲಿ ಅತ್ತೆಯದು ಗೊರಕೆ. ಚಂದವ್ವ ಪಿಸುಗುಟ್ಟಿದಳು. “ಇನ್ನೊಂದ ಸುತ್ತ ಹಾಕ್ರಿ. ನನಗೂ ಇಳ್ಯಾಕ ಮನಸಿಲ್ಲ.”

ಹಾಕಿ ಬಂದೆ. ಆದರೂ ಎಂದಾದರೂ ಒಳಗೆ ಹೋಗಬೇಕಲ್ಲ. ಇನ್ನೊಮ್ಮೆ ಬಂದ್ ಮಾಡಿ ನೋಡುತ್ತೇನೆ. ಮೆಲ್ಲಗೆ… ಮಲಗಿದ್ದಾಳೆ… ಇನ್ನೂ ಮಲಗಿಯೇ ಇದ್ದಾ—